ಯಂತ್ರದ ಕೆಳಗೆ ಮಲಗಿದ ಸೂಲಗಿತ್ತಿ

1938ರಲ್ಲಿ, ನಾಲ್ಕನೇ ಜಮಾತು ಮುಗಿಯುವ ಮೊದಲೇ ನಾನು ಓದು ಬಿಟ್ಟೆ. ಆದರೂ 1946ರ ಹೊತ್ತಿಗೆ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ನನ್ನ ಕೈಯಲ್ಲಿತ್ತು. ಡಾಕ್ಟರ್ ಸಾಹೇಬರು ರೋಗಿಯ ಮೈಮೇಲೆ ಗುರುತು ಹಾಕಿಕೊಟ್ಟರೆ ಮುಂದಿನದೆಲ್ಲ ನನ್ನದು. ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎದೆಯ ಕ್ಯಾನ್ಸರಿಗೆ ಆ ಯಂತ್ರದಿಂದ ಕಿರಣ ಕೊಡುತ್ತಿದ್ದೆವು. ಹೆಂಗಸು ಇಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕು. ಅಲುಗಿದರೆ ಗಡ್ಡೆ ಬಿಟ್ಟು ಪಕ್ಕದ ಒಳ್ಳೆಯ ಚರ್ಮ ಸುಡುತ್ತದೆ. ನಾವೆಲ್ಲ ಹೊರಗೆ ಬಂದು ಸೀಸದ ತಗಡು ಬಡಿದ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಒಳಗೆ ಅವಳೊಬ್ಬಳು, ಗುಂಯ್ ಎನ್ನುವ ಯಂತ್ರ.

ಆ ವರ್ಷ ದೇವದುರ್ಗದ ಕಡೆಯ ಮಸರಕಲ್ಲಿನಿಂದ ಯಂಕವ್ವ ಬಂದಳು. ಐವತ್ತರ ಆಸುಪಾಸು, ಜೊತೆಗೆ ಮಾನ್ವಿಗೆ ಕೊಟ್ಟಿದ್ದ ಮಗಳು ದುರುಗವ್ವ. ಬಾಗಿಲು ಮುಚ್ಚಿದೊಡನೆ ಯಂಕವ್ವನ ಮೈಯೆಲ್ಲ ನಡುಗುವುದು ದಪ್ಪ ಗಾಜಿನ ಕಿಂಡಿಯಿಂದ ಕಾಣುತ್ತಿತ್ತು. ಎರಡು ದಿನ ನಡುವೆಯೇ ಯಂತ್ರ ನಿಲ್ಲಿಸಿದೆ. "ನಾಳೆಯೂ ಹೀಗಾದರೆ ಊರಿಗೆ ಕಳಿಸಿಬಿಡು," ಎಂದರು ಸಾಹೇಬರು. ಕಳಿಸುವುದೆಂದರೆ ಏನೆಂದು ಮಗಳಿಗೂ ಗೊತ್ತಿತ್ತು.

ಮೂರನೆಯ ದಿನ ನಾನು ಜಾಣತನ ಮಾಡಿದೆ. ಬ್ಯಾಂಡೇಜು ಬಟ್ಟೆಯಿಂದ ಅವಳ ಎರಡೂ ಪಾದ ಜೋಡಿಸಿ ಕಟ್ಟಿದೆ. ಯಂಕವ್ವ ದಡಕ್ಕನೆ ಎದ್ದು ಕೂತಳು.

"ಹೆಣಕ್ಕ ಕಟ್ಟಿದಂಗ ಕಟ್ಟತೀಯೇನಲೇ? ಇನ್ನಾ ಉಸುರು ಅದ ನನಗ!"

ನನ್ನೂರು ಮಟಮಾರಿಯಲ್ಲೂ ಹೆಣಕ್ಕೆ ಹಾಗೆಯೇ ಕಟ್ಟುತ್ತಾರೆ. ಅದು ನನಗೆ ಹೊಳೆದೇ ಇರಲಿಲ್ಲ. ಗಂಟು ಬಿಚ್ಚುತ್ತ ಕೂರದೆ ಕತ್ತರಿ ಹಾಕಿದೆ.

ಬಾಗಿಲಲ್ಲಿದ್ದ ದುರುಗವ್ವ ಅಳುತ್ತಲೇ ಬೈದಳು: "ಯವ್ವಾ, ಊರ ಬಸುರ್ಯಾರಿಗೆಲ್ಲ ಧೈರ್ಯ ಹೇಳತಿದ್ದಿ. ನಿನಗ ನೀ ಯಾಕ ಹೇಳಿಕೊಳ್ಳವಲ್ಲಿ?"

ಯಂಕವ್ವ ಸೂಲಗಿತ್ತಿ ಎಂಬುದು ಆಗ ತಿಳಿಯಿತು. "ಅವರಿಗೆ ಏನು ಹೇಳತಿದ್ದಿ, ಯವ್ವಾ?" ಎಂದು ಕೇಳಿದೆ.

"ಹಲ್ಲು ಕಚ್ಚಬ್ಯಾಡ, ದವಡಿ ಸಡ್ಲ ಬಿಡು. ಮುಷ್ಟಿ ಬಿಚ್ಚು. ಉಸುರು ಸಾವಕಾಶ ಹೊರಗ ಬಿಡು, ಬಿಸಿ ಅಂಬಲಿ ಆರಿಸಿದಂಗ."

"ಅದನ್ನೇ ಈಗ ಹೇಳಿಕೋ. ನಾ ಹೊರಗ ಕೇಳಾಕತ್ತಿರ್ತೀನಿ."

"ನಾ ಏನು ಹಡೀಬೇಕಲೇ ಇಲ್ಲಿ? ಈ ಗಡ್ಡಿನಾ?" ಎಂದು ಮೊದಲ ಸಲ ನಕ್ಕಳು.

ಅಂದು ಬಾಗಿಲಿಗೆ ಕಿವಿಯಿಟ್ಟರೆ ಅವಳ ಸಣ್ಣ ದನಿ: "ದವಡಿ ಬಿಡು, ಯಂಕೀ. ಮುಷ್ಟಿ ಬಿಚ್ಚು." ಇಪ್ಪತ್ತು ನಿಮಿಷ ಪೂರ್ತಿಯಾಯಿತು.

ಹದಿನೆಂಟು ಸರದಿ ಮುಗಿಸಿ ಊರಿಗೆ ಹೋದಳು. ಆದರೆ ಬಂದದ್ದೇ ತಡವಾಗಿತ್ತು. ರೋಗ ಕಂಕುಳ ದಾಟಿತ್ತು. ಸುಗ್ಗಿಯ ನಂತರ ದುರುಗವ್ವ ಒಬ್ಬಳೇ ಬಂದಳು.

"ಕಡೀಕ ಭಾಳ ಒದ್ದಾಡಿದಳಪ್ಪಾ. ಅಕಿ ಮಾತು ನಾನೇ ಅಕಿಗೆ ಹೇಳಿದೆ. ಮುಷ್ಟಿ ಬಿಚ್ಚಿದಳು."

ಅವಳನ್ನು ಒಳಗೆ ಕರೆದೆ. ಕೂರಿಸಿ ನೀರು ಕೊಟ್ಟೆ.

ಆಮೇಲೆ ನಾನು ಯಾರನ್ನೂ ಕಟ್ಟಲಿಲ್ಲ. ಮಲಗಲು ಬಂದವಳನ್ನು ಮೊದಲು ಮಾತನಾಡಿಸುತ್ತಿದ್ದೆ, ಅವಳಿಗೆ ಯಾವುದರಿಂದ ಸಮಾಧಾನವೆಂದು ಕೇಳುತ್ತಿದ್ದೆ. ಯಂತ್ರ ನಡೆಸಲು ಬಂದರೆ ಸಾಕು ಎಂದುಕೊಂಡಿದ್ದವನಿಗೆ ಕೆಲಸ ಕಲಿಸಿದ್ದು ಇದನ್ನು.

ಈಗ ನನಗೆ ಕಲ್ಮಲದ ರಸ್ತೆಯಲ್ಲಿ ಎರಡು ಕೋಣೆಯ ಮನೆ, ಮೂವರು ಹೆಣ್ಣುಮಕ್ಕಳು, ಒಬ್ಬ ಮೊಮ್ಮಗ. ಯಂತ್ರ ಪರೀಕ್ಷಿಸಲು ವರ್ಷಗಟ್ಟಲೆ ಕೈ ಒಡ್ಡಿದ್ದರಿಂದ ಕಿರಣ ತಿಂದ ಎರಡು ಬಿಟ್ಟು, ಎರಡೂ ಕೈ ಸೇರಿ ಎಂಟು ಬೆರಳು.