ಸೂತಕದ ಮನೆಯಲ್ಲಿ ಸೆಕೆಯ ಮಾತು

ಇಂಗ್ಲಿಷರು ಎದುರಾದರೆ ಮೊದಲು ಮಳೆ-ಬಿಸಿಲಿನ ಸುದ್ದಿ ಎತ್ತುತ್ತಾರೆಂದು ನನಗೆ ಕಲಿಸಿದವರು ಧಾರವಾಡದ ನಮ್ಮ ಹೆಣ್ಣುಮಕ್ಕಳ ಶಾಲೆಯ ಬಿಳಿ ಅಕ್ಕೋರು. ಅವರ ತಾಯಿ ಫ್ರೆಂಚ್ ಹೆಂಗಸು. ಹೀಗಾಗಿ ಶನಿವಾರ ಮಧ್ಯಾಹ್ನ ಬೋರ್ಡಿಂಗಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ನನಗೊಬ್ಬಳಿಗೇ ಫ್ರೆಂಚನ್ನೂ ಹೇಳಿಕೊಡುತ್ತಿದ್ದರು. ‘ಇಟ್ ಈಸ್ ವೆರಿ ಹಾಟ್’, ‘ಇಲ್ ಫೆ ಶೋ’. ಎರಡೂ ಸೆಕೆಯ ಮಾತೇ. ಬೆವರು ಸುರಿಸುತ್ತ ಕೂತವರಿಗೆ ಸೆಕೆ ಎಂದು ಬೇರೆ ಹೇಳಬೇಕೇ ಎಂದು ನನಗೆ ನಗು. ನಮ್ಮಲ್ಲಿ ಊಟ ಆತೇನ್ರಿ ಎಂದು ಕೇಳುತ್ತಾರೆ. ಅದಕ್ಕೆ ಹೊಟ್ಟೆಯ ಸಂಬಂಧವಾದರೂ ಇದೆ.

ಆ ವರ್ಷದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಿಂದ ಕೇಶ್ವಾಪುರದ ಮನೆಗೆ ಬಂದವರು ನೀರು ಕೇಳಿದರು. ಅಜ್ಜಿ ತಂಬಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಅವ್ವ ನಾನು ಸಣ್ಣವಳಿದ್ದಾಗಲೇ ಹೋದವಳು. ಇನ್ನು ನಾನು ಶಾಲೆಗೆ ಹೋಗುವುದೋ ಬಿಡುವುದೋ ಎನ್ನುವುದು ಅಜ್ಜಿ ಮತ್ತು ಕಾಕಾನ ಕೈಯಲ್ಲಿತ್ತು. ಕಾಕಾನಿಗೆ ನನ್ನ ಓದು ಮೊದಲಿನಿಂದಲೂ ಕಣ್ಣುಕಿಸುರು. ಸೂತಕ ಕಳೆದ ಮೇಲೆ ಗೋಪನಕೊಪ್ಪದ ಕಡೆ ಒಂದು ವರ ನೋಡೋಣ ಎಂದು ಆಗಲೇ ಮಾತು ತೆಗೆದಿದ್ದ.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ‘ಹೆಂಗಾತ್ರಿ?’ ಎಂದು ಕೇಳಲೇಬೇಕು, ಮನೆಯ ಹಿರಿಯರು ಮೊದಲಿನಿಂದ ಹೇಳಲೇಬೇಕು. ಕೇಳದವರು ಕರುಳಿಲ್ಲದವರು. ಅಜ್ಜಿ ಮುಂಜಾನೆಯಿಂದ ದೀಪ ಹಚ್ಚುವತನಕ ಅದೇ ನೀರು, ಅದೇ ತಂಬಿಗೆ ಹೇಳುತ್ತಿದ್ದಳು. ಬಂದವರು ಕೇಳಿ, ಅತ್ತು, ಹೋಗುತ್ತಿದ್ದರು.

ಸೂತಕ ಇನ್ನೂ ಇರುವಾಗಲೇ ಅಕ್ಕೋರು ಸ್ಟೇಷನ್ನಿನಿಂದ ಟಾಂಗಾ ಮಾಡಿಕೊಂಡು ಬಂದರು. ನನಗೆ ಹೋದ ಜೀವ ಬಂದಂತಾಯಿತು. ಅವರು ಕಾಕಾನಿಗೆ ಎರಡು ಒಳ್ಳೆಯ ಮಾತು ಹೇಳಿದರೆ ನನ್ನ ಶಾಲೆ ಉಳಿದೀತೆಂದು ಆಸೆ. ಪಡಸಾಲೆಯ ತುಂಬ ಹೆಂಗಸರು ಕೂತಿದ್ದರು. ಅಕ್ಕೋರು ಕುರ್ಚಿಯ ಅಂಚಿಗೆ ಕೂತು, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜಿಯ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದರು. ಬಹಳ ಸೆಕೆ, ಸಂಜೆಗೆ ಮಳೆ ಬರಬಹುದು.

ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ. ನಾನು ಸುಮ್ಮನೆ ನಿಂತದ್ದು ನೋಡಿ ಅವರು ನನ್ನ ಕಡೆ ತಿರುಗಿ ಅದನ್ನೇ ಸಣ್ಣ ದನಿಯಲ್ಲಿ ಫ್ರೆಂಚಿನಲ್ಲಿ ಹೇಳಿದರು. ಅಪ್ಪನ ಸುದ್ದಿಯಿಲ್ಲ, ಕಣ್ಣಲ್ಲಿ ಒಂದು ಹನಿಯಿಲ್ಲ. ಎರಡೆರಡು ಭಾಷೆ ಬಲ್ಲ ಬಾಯಿಗೆ ಸೆಕೆ ಬಿಟ್ಟು ಬೇರೇನೂ ಸಿಗಲಿಲ್ಲವೇ ಎಂದು ಮೈಯೆಲ್ಲ ಉರಿಯಿತು.

‘ಏನಂತಾರ ಅವರು?’ ಎಂದು ಅಜ್ಜಿ ಕೇಳಿದಳು.

ಆ ಹೊತ್ತಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. ‘ಸೆಕಿ ಭಾಳ ಐತಿ, ಸಂಜಿಗೆ ಮಳಿ ಬರಬಹುದು ಅಂತಾರ’ ಎಂದೆ.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಕಾಕಾ ಎದ್ದು ಅಂಗಳಕ್ಕೆ ಹೋಗಿ ಕ್ಯಾಕರಿಸಿ ಉಗುಳಿದ. ಅಜ್ಜಿ ಮಾತ್ರ ಬಾಗಿಲಾಚೆ ಕತ್ತು ಚಾಚಿ ನೋಡಿ, ಮೋಡವೇನೋ ಆಗಿದೆ, ಆದರೆ ಗಾಳಿ ಬಿಟ್ಟರೆ ಹೋಗಿಬಿಡುತ್ತದೆ ಎಂದಳು. ಅಕ್ಕೋರು ತಮ್ಮ ಊರಿನ ಮಳೆಯ ಸಂಗತಿ ಹೇಳಿದರು. ಸ್ವಲ್ಪ ಹೊತ್ತು ಇಬ್ಬರೂ ಹೀಗೇ ಮಾತಾಡಿದರು. ನಡುವೆ ನಿಂತು ಅತ್ತಿಂದಿತ್ತ ಹೇಳುತ್ತಿದ್ದ ನಾನು ನಾಚಿಕೆಯಿಂದ ಭೂಮಿಗಿಳಿದಿದ್ದೆ. ಶಾಲೆಯ ಮಾತನ್ನು ಅವರು ಎತ್ತಲೇ ಇಲ್ಲ.

ಟಾಂಗಾ ಹೋದ ಮೇಲೆ ಕಾಕಾ ಒಳಗೆ ಬಂದ. ಅವರದು ಕಲ್ಲಿನ ಎದೆ, ಇಂಥವರ ಹತ್ತಿರ ಕಲಿತದ್ದು ಸಾಕು ಎಂದ. ಹೆಂಗಸರೆಲ್ಲ ಹೌದೆಂದರು. ನನಗೂ ಸಾಕಾಗಿತ್ತು.

ಅಜ್ಜಿ ಗೋಡೆಗೆ ಒರಗಿ ಕೂತವಳು ಕಾಕಾನ ಕಡೆ ನೋಡದೆಯೇ ಹೇಳಿದಳು.

‘ಬಂದವರೆಲ್ಲಾ ಹೆಂಗಾತು, ಹೆಂಗಾತು ಅಂತ ಕೇಳಿ ನನ್ನ ಮಗನ್ನ ಮತ್ತ ಮತ್ತ ಸಾಯಿಸ್ಯಾರ. ಈಕಿ ಒಬ್ಬಾಕಿ ಸಾಯಿಸಲಿಲ್ಲ. ಹುಡುಗೀನ್ನ ಆಕಿ ಕಡೇನ ಕಳಸು.’