ಚಿಕ್ಕಮ್ಮ ಕದಿರು ಕೆಳಗಿಟ್ಟ ವರ್ಷ

ಕಪ್ಪುಗುಡ್ಡದ ಕೆಳಗಿನ ನಮ್ಮ ಗುಂಡುಮನೆಯಲ್ಲಿ ನೇಯುತ್ತಿದ್ದವಳು ನನ್ನಮ್ಮ ಹಾಸ್ಬಾ. ಅವಳ ಕಂಬಳಿ ಕೊಳ್ಳಲು ಅಂಗಡಿಯವನು ಬಾಗಿಲಿಗೇ ಬರುತ್ತಿದ್ದ. ಅದಕ್ಕೆ ಬೇಕಾದ ನೂಲನ್ನೆಲ್ಲ ನೂಲುತ್ತಿದ್ದವಳು ಅಮ್ಮನ ತಂಗಿ, ನನ್ನ ಚಿಕ್ಕಮ್ಮ ಯಿಲ್ನಾಬಾ. ಅವಳ ಹೆಸರನ್ನು ಅವನು ಒಮ್ಮೆಯೂ ಕೇಳಿದವನಲ್ಲ.

ಅಮ್ಮ ಒಂದು ತಿಂಗಳು ನೇಯ್ದರೆ ಅದರ ಹಿಂದೆ ಚಿಕ್ಕಮ್ಮನ ಮೂರು ತಿಂಗಳು ಸವೆದಿರುತ್ತಿತ್ತು. ಉಣ್ಣೆಯನ್ನು ಮುಟ್ಟಿಯೇ ಚಿಕ್ಕಮ್ಮ ಆ ಕುರಿ ಯಾವ ದಿಣ್ಣೆಯಲ್ಲಿ ಮೇಯ್ದದ್ದು ಎಂದು ಹೇಳುತ್ತಿದ್ದಳು. ಮರಳುಗಾಳಿ ಏಳುವ ಮುಂಚೆ ಉಣ್ಣೆ ಕತ್ತರಿಸಬೇಕು, ನೂಲಿಗೆ ಹಳದಿ ಬಣ್ಣ ಹಾಕುವ ಹೂವನ್ನು ಮೊದಲ ಹಿಮ ಬೀಳುವ ಮುಂಚೆ ಕೊಯ್ಯಬೇಕು. ಎಲ್ಲ ಅವಳೇ ನೋಡಿಕೊಳ್ಳಬೇಕು. ಹಿಂಜಿ, ಎಳೆದು, ಕದಿರಿನ ಕಡ್ಡಿಯನ್ನು ತೊಡೆಯ ಮೇಲೆ ಉರುಳಿಸಿ ಉರುಳಿಸಿ, ಅರವತ್ತಾಗುವ ಹೊತ್ತಿಗೆ ಅವಳ ಬಲಗೈ ಕಾಫಿ ಲೋಟವನ್ನೂ ಎತ್ತದಾಯಿತು.

ಆ ವಸಂತದಲ್ಲಿ ಕದಿರನ್ನು ಗೋಡೆಗೊರಗಿಸಿ, "ಅಕ್ಕಾ, ನನ್ ಕೈಲಿ ಇನ್ನಾಗಲ್ಲ" ಎಂದಳು.

"ಒಂದ್ ವಾರ ಮಲಗು, ಸರಿಹೋಗುತ್ತೆ."

"ಇದು ವಾರಕ್ಕೆ ಹೋಗೋ ಸುಸ್ತಲ್ಲ."

ಅಮ್ಮ ಮುಖ ಊದಿಸಿಕೊಂಡು ಅಂಗಡಿಯಿಂದ ಮಿಲ್ಲಿನ ನೂಲು ತಂದಳು. ಕಂಬಳಿಯ ಅಂಚು ಒಳಕ್ಕೆ ಎಳೆದುಕೊಂಡಿತು. ಎರಡು ಸಲ ಬಿಚ್ಚಿದಳು. ಕೊನೆಗೆ ಚಿಕ್ಕಮ್ಮನ ಹಾಸಿಗೆಯ ಪಕ್ಕ ಕೂತಳು.

"ಈ ನೂಲು ನನ್ ಮಾತು ಕೇಳಲ್ಲ ಕಣೇ. ಒಂದೇ ಒಂದು ಉಂಡೆ ನೂತುಕೊಡು."

"ನಲವತ್ತು ವರ್ಷ ಕೊಟ್ಟೆ. ಈಗ ನೀನೇ ನೂಲು. ನಿಂಗೇನು ಕೈ ಇಲ್ವಾ?"

ಮೂರನೆಯ ದಿನ ಅಮ್ಮ ಕದಿರು ಹಿಡಿದಳು. ನೂಲು ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಮುಟ್ಟಿದರೆ ತುಂಡು.

"ಅದೇನು ನೂಲೋ, ಕುರಿ ಕರುಳೋ?" ಚಿಕ್ಕಮ್ಮ ಮಲಗಿದಲ್ಲಿಂದಲೇ ಕೇಳಿದಳು.

"ಬಾಯಿ ಮುಚ್ಕೊಂಡು ಮಲಕ್ಕೋ."

"ಎಳೀಬೇಡ ಅಕ್ಕಾ. ಎಡಗೈ ಸಡಿಲ ಬಿಡು, ತಾನಾಗೇ ಬರುತ್ತೆ."

ಬೇಸಿಗೆಯೆಲ್ಲ ಅಮ್ಮ ನೂತಳು. ಒಂದು ಮಧ್ಯಾಹ್ನ ಕದಿರು ಬಿಟ್ಟು ಮಣಿಕಟ್ಟು ಹಿಡಿದುಕೊಂಡಳು.

"ಇಷ್ಟು ನೋವಿದೆ ಅಂತ ಒಂದ್ಸಲಾನಾದ್ರೂ ಹೇಳಬಾರ್ದಿತ್ತಾ?"

"ನೀನು ಕೇಳ್ಲಿಲ್ವಲ್ಲ" ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ತ್ರಾಣ ಬೇಕಲ್ಲ.

ಆ ನೂಲಿನಲ್ಲಿ ಒಂದೇ ಒಂದು ಸಣ್ಣ ಕಂಬಳಿಯಾಯಿತು. ಅಂಗಡಿಯವನು ತಿರುವಿ ನೋಡಿ ಕೊಳ್ಳದೆ ಕೆಳಗಿಟ್ಟ. ಅಮ್ಮ ಅದನ್ನು ಚಿಕ್ಕಮ್ಮನ ಹಾಸಿಗೆಯ ಮೇಲೆ ಹಾಸಿದಳು. "ಗಂಟು ಬೆನ್ನಿಗೆ ಚುಚ್ಚುತ್ತೆ" ಎಂದು ದಿನವೂ ಗೊಣಗುತ್ತಿದ್ದ ಚಿಕ್ಕಮ್ಮ, ತೆಗೆಯಲು ಹೋದರೆ ಬಿಡುತ್ತಿರಲಿಲ್ಲ.

ಆಮೇಲೆ ಅಮ್ಮ ವರ್ಷಕ್ಕೊಂದು ನೇಯ್ದರೆ ಹೆಚ್ಚು. ಮಧ್ಯಾಹ್ನವಾದರೆ ಅಕ್ಕತಂಗಿಯರಿಬ್ಬರೂ ಬಾಗಿಲು ತೆರೆದಿಟ್ಟು ಮಲಗಿಬಿಡುತ್ತಿದ್ದರು.