ಎಣ್ಣಿ ಹಂಪಣ್ಣ
ಪೋತ್ನಾಳದ ಗದ್ದೆಗಳಿಗೆ ಕೀಟನಾಶಕ ಹೊಡೆಯುವ ಹಂಪಣ್ಣನನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಅವನು ಹಾದುಹೋದ ಓಣಿಯಲ್ಲಿ ಸೊಳ್ಳೆಯೂ ಹಾರುವುದಿಲ್ಲವೆಂದು ಊರವರು ನಗುತ್ತಾರೆ. ಕಾಲುವೆ ನೀರು ಬಂದು ಭತ್ತ ಹಸಿರಾದಂದಿನಿಂದ ಅವನ ಬೆನ್ನಿನ ಪಂಪು ಕೆಳಗಿಳಿದಿಲ್ಲ. ಊರಿನ ಎಲ್ಲರಂತೆ ಅವನಿಗೂ ಆ ಕೀಟನಾಶಕ ವಿಷವಲ್ಲ, ‘ಎಣ್ಣಿ’. ಬರಿಗೈಯಲ್ಲೇ ಅದನ್ನು ನೀರಿಗೆ ಕಲಸಿ, ಅದೇ ಕೈಯನ್ನು ಧೋತರಕ್ಕೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಾನೆ. ಊರಿನ ಶಾಲೆಯ ಮೇಷ್ಟ್ರಾದ ನಾನು ಗದರಿದರೆ, “ಹುಳಾ ಸಾಯ್ತಾವ್ರೀ, ನಾವೇನು ಹುಳಾನ?” ಎನ್ನುತ್ತಾನೆ. ಎಣ್ಣಿಯ ಖಾಲಿ ಡಬ್ಬಿಗಳಲ್ಲಿ ಅವನ ಹೆಂಡತಿ ಪಕೀರಮ್ಮ ಜೋಳ ತುಂಬಿಡುತ್ತಾಳೆ. ಈ ೧೯೮೨ರ ಬೇಸಿಗೆಯಲ್ಲಿ ಅವನು ಕಡ್ಡಿಯಾದ. ಕೊಡ ನೀರು ಕುಡಿದರೂ ದಾಹ ಹೋಗದು, ಉಚ್ಚೆ ಹೊಯ್ದಲ್ಲಿ ಇರುವೆ ಮುತ್ತುತ್ತವೆ. ರಾಯಚೂರಿನ ಡಾಕ್ಟರು ಸಕ್ಕರೆ ರೋಗವೆಂದರು. “ಹಬ್ಬಕ್ಕ ಬಿಟ್ರ ಸಕ್ರಿ ಕಾಣದ ಮನಿ ನಮ್ದು, ಈ ರೋಗ ಎಲ್ಲಿಂದ ಬಂತ್ರಿ? ಆ ಎಣ್ಣೀನೇ ಮೈಗಿಳೀತೇನೋ” ಎಂದು ಪಕೀರಮ್ಮ ನನ್ನೆದುರು ಕಣ್ಣೊರೆಸಿಕೊಂಡಳು. ನನಗೂ ಅದೇ ದಿಗಿಲು. ನಿನ್ನೆ ಹಂಪಣ್ಣನೇ ಏದುಸಿರು ಬಿಡುತ್ತಾ ಬಂದ. “ಉಚ್ಚಿ ಹೊಯ್ಯೋ ಬಚ್ಚಲಕ್ಕ ಎಣ್ಣಿ ಹೊಡದೆ ನೋಡ್ರಿ, ಈಗ ಒಂದು ಇರಿವೀನೂ ಬರವಲ್ದು. ಅಂದ್ರ ರೋಗ ಹೋತಲ್ರೀ?” ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತ.